ಲ್ಯಾಪ್‌ಟಾಪಿನಲ್ಲಿ ಹಿಟ್ಟು ರುಬ್ಬಿದ್ದು

ಬೆಲೆ ಮತ್ತು ಯೋಗ್ಯತೆ ಒಂದೇ ಕಡೆ ಕೂಡಿಬರುವುದು ಈ ಲೋಕದಲ್ಲಿ ಬಲು ಅಪರೂಪ. ಈ ಗಹನವಾದ ಸತ್ಯ ನನಗೆ ಹೊಳೆದದ್ದು ಟಿ. ನಗರದ ಅಂಗಡಿಯೊಂದರ ಎರಡನೆಯ ಮಹಡಿಯಲ್ಲಿ, ಎಸಿಯ ತಂಪಿಗೆ ಮೂಗು ಸೋರುತ್ತಿದ್ದಾಗ.

ಲ್ಯಾಪ್‌ಟಾಪ್ ಬೇಕಾಗಿದ್ದದ್ದು ನನ್ನ ಹೆಂಡತಿಗೆ. ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ಅವಳು ವಡಪಳನಿಯ ನಮ್ಮ ಮನೆಯಿಂದಲೇ ವಿಡಿಯೋದಲ್ಲಿ ದೇವರನಾಮ ಕಲಿಸುತ್ತಾಳೆ. ಹಳೆಯ ಕಂಪ್ಯೂಟರ್ ಪಲ್ಲವಿಯವರೆಗೆ ಹೇಗೋ ಬಂದು, ಚರಣದಲ್ಲಿ ಅವಳನ್ನು ಬಾಯಿ ತೆರೆದಂತೆಯೇ ನಿಲ್ಲಿಸಿಬಿಡುತ್ತಿತ್ತು. ಹನ್ನೊಂದು ಮಂದಿ ಶಿಷ್ಯೆಯರಲ್ಲಿ ಇಬ್ಬರು ಆಗಲೇ ಬಿಟ್ಟಿದ್ದರು. ಉಳಿದವರು, "ಇನ್ನೊಂದು ವಾರ ನೋಡ್ತೇವೆ ಮಾಮಿ" ಎಂದಿದ್ದರು. ಆ ವಾರದ ಮಂಗಳವಾರ ನಾವು ಹೊರಟೆವು. ಅಂಗಡಿ ತೆರೆಯುವುದು ಹತ್ತೂವರೆಗೆ. ನಾನು ಆರಕ್ಕೇ ಇಸ್ತ್ರಿ ಶರ್ಟು ತೊಟ್ಟು ಸಿದ್ಧನಾಗಿದ್ದೆ.

ಜೊತೆಗೆ ಕಾಲೇಜಿಗೆ ಹೋಗುವ ಮೊಮ್ಮಗಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ. ಉತ್ತರ ಮಾತ್ರ ತಮಿಳಿನಲ್ಲಿ.

ನಮ್ಮ ಕೈಗೆಟುಕುವಂಥವು ಎರಡಿದ್ದವು. ಅಗ್ಗದ್ದರಲ್ಲಿ ಸಾವಿರ ಜಿಬಿ ಜಾಗ, ಐದು ಸಾವಿರ ಹೆಚ್ಚಿನದರಲ್ಲಿ ಬರೀ ಇನ್ನೂರ ಐವತ್ತಾರು. ಮೂವತ್ತು ವರ್ಷ ಹೋಟೆಲ್ ನಡೆಸಿದವನು ನಾನು. ಉಗ್ರಾಣ ದೊಡ್ಡದಿದ್ದರೆ ಯಾವ ಹೋಟೆಲೂ ಕೆಡುವುದಿಲ್ಲ ಎಂಬುದು ನನ್ನ ಸಿದ್ಧಾಂತ. ಅಗ್ಗದ್ದರ ಮೇಲೆ ಕೈಯಿಟ್ಟೆ.

"ಅಯ್ಯೋ ಅಜ್ಜ! ಸ್ಟೋರೇಜ್ ವೇರ, ರ‍್ಯಾಮ್ ವೇರ! ಅಜ್ಜಿಗೆ ರ‍್ಯಾಮ್ ತಾನ್ ಮುಖ್ಯಂ" ಎಂದಳು ಮೊಮ್ಮಗಳು.

ಸ್ಟೋರೇಜ್ ಉಗ್ರಾಣವಾದರೆ ರ‍್ಯಾಮ್ ಎಂದರೆ ದೋಸೆ ಕಾವಲಿ ಇದ್ದಂತೆ, ಒಂದೇ ಹೊತ್ತಿಗೆ ಎಷ್ಟು ದೋಸೆ ಹುಯ್ಯಬಹುದು ಅನ್ನುವುದು ಎಂದು ನನಗೆ ತಿಳಿಯುವಂತೆ ಬಿಡಿಸಿ ಹೇಳಿದಳು. ಅಗ್ಗದ್ದರಲ್ಲಿ ಅದು ನಾಲ್ಕು, ಇನ್ನೊಂದರಲ್ಲಿ ಎಂಟು.

"ನಿನ್ನ ಅಜ್ಜಿಗೆ ನಾಲ್ಕು ದೋಸೆ ಧಾರಾಳ" ಎಂದೆ.

"ನಾನೆಂತ ದೋಸೆ ಹುಯ್ಲಿಕ್ಕೆ ಬಂದದ್ದಾ ಮಾರಾಯ್ರೆ?" ಎಂದಳು ಹೆಂಡತಿ.

ಇಂಥ ವ್ಯಾಜ್ಯಕ್ಕೆ ನಮ್ಮ ಕಸುಬಿನಲ್ಲಿ ಒಂದು ಕ್ರಮವಿದೆ. ಗ್ರೈಂಡರ್ ಕೊಳ್ಳಲು ಹೋಗುವಾಗ ನೆನೆಸಿದ ಅಕ್ಕಿ, ಉದ್ದು ಜೊತೆಗೇ ಒಯ್ಯುತ್ತೇವೆ. ಅಂಗಡಿಯಲ್ಲೇ ನಮ್ಮ ಹಿಟ್ಟು ನುಣ್ಣಗಾದರೆ ಮಾತ್ರ ವ್ಯಾಪಾರ. ಲ್ಯಾಪ್‌ಟಾಪಿಗೂ ಅದೇ ಕಾನೂನು ಎಂದು ಹಿಂದಿನ ದಿನವೇ ತೀರ್ಮಾನಿಸಿದ್ದೆ. ಒಂಬತ್ತು ಮಂದಿ ಶಿಷ್ಯೆಯರಿಗೂ ಹೆಂಡತಿ ಫೋನು ಮಾಡಿ, ಹನ್ನೊಂದು ಗಂಟೆಗೆ ವಿಡಿಯೋದಲ್ಲಿ ಇರಬೇಕೆಂದು ಹೇಳಿದ್ದಳು.

"ಪಾಟಾ ಸಾರ್? ಇಂಗೆಯಾ?" ಎಂದ ಮಾರಾಟದವನು. ಹಾಡೇ, ಇಲ್ಲೇ, ಎಂದೆ.

ಮೊಮ್ಮಗಳು ತನ್ನ ಫೋನಿನಿಂದ ಇಂಟರ್ನೆಟ್ ಕೊಟ್ಟಳು. ಮೊದಲು ಅಗ್ಗದ್ದು. ತಂಬೂರಿ ಶ್ರುತಿ ಹಾಕಿದೆವು, ಸಾಹಿತ್ಯದ ಪುಟ ತೆರೆದೆವು, ಒಂಬತ್ತು ಮುಖಗಳು ಮೂಡಿದವು. ಫ್ರಿಜ್ಜುಗಳ ಸಾಲಿಗೆ ಬೆನ್ನು ಹಾಕಿ ಹೆಂಡತಿ ಕಣ್ಣು ಮುಚ್ಚಿ ಹಾಡಿದಳು. ಪಲ್ಲವಿ ದಾಟಿತು. ಚರಣ ಬಂತು, ಪರದೆಯ ಮೇಲೆ ಅವಳ ಬಾಯಿ ತೆರೆದಂತೆಯೇ ನಿಂತಿತು. ಅದೇ ಬಾಯಿ!

"ನಿಂತಿತು, ನಿಂತಿತು!" ಎಂದು ನಾನು ಕೂಗಿದ್ದು ವಿಷಾದದಿಂದಲ್ಲ, ಪರೀಕ್ಷೆ ಕೆಲಸ ಮಾಡಿದ ಸಂಭ್ರಮದಿಂದ.

ಆಮೇಲೆ ಎಂಟರದ್ದು. ಪಲ್ಲವಿ, ಅನುಪಲ್ಲವಿ, ಮೂರು ಚರಣ. ಎಲ್ಲಿಯೂ ಗಂಟಿಲ್ಲ. ಒಂಬತ್ತು ಮಂದಿಯೂ ಒಬ್ಬೊಬ್ಬರಾಗಿ ತಿರುಗಿ ಹಾಡಿ ಒಪ್ಪಿಸಿದರು. ವಾಷಿಂಗ್ ಮೆಷಿನ್ ನೋಡಲು ಬಂದಿದ್ದ ದಂಪತಿ ಚಪ್ಪಾಳೆ ತಟ್ಟಿದರು. ಮಾರಾಟದವನು, "ಇನ್ನೊರು ಪಾಟು, ಮಾಮಿ" ಎಂದು ಕುರ್ಚಿ ತಂದ.

"ಆದರೂ ಐದು ಸಾವಿರ..." ಎಂದು ನಾನು ಗಂಟಲು ಸರಿಮಾಡಿಕೊಂಡೆ.

"ಹೋಟೆಲಿಗೆ ಆ ದೊಡ್ಡ ಕಾವಲಿ ತಂದಾಗ ನೀವು ಯಾರನ್ನು ಕೇಳಿದ್ರಿ?" ಎಂದಳು ಹೆಂಡತಿ.

ಎಂಟರದ್ದನ್ನೇ ಕೊಂಡೆವು. ಗುರುವಾರ ಪಾಠ ನಾಲ್ಕಕ್ಕೆ ಶುರುವಾಗಿ ಐದಕ್ಕೆ ಮುಗಿಯಿತು. ಬಿಟ್ಟುಹೋದವರಲ್ಲಿ ಒಬ್ಬಳೂ ಸೇರಿ ಹತ್ತು ಮಂದಿ ಬಂದಿದ್ದರು.