ತಾನಾಗಿಯೇ ಲಾರಿ ನಿಲ್ಲಿಸುತ್ತಿದ್ದ ಸಾಬಣ್ಣ

೧೯೫೩ರಲ್ಲಿ ನಾನು ಗುಲ್ಬರ್ಗಾ ಜಿಲ್ಲೆಯಲ್ಲಿ ಮೋಟಾರು ವಾಹನಗಳ ಇನ್‌ಸ್ಪೆಕ್ಟರ್ ಆಗಿದ್ದೆ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆಯ ರಸ್ತೆಗಳು ನನ್ನ ಪಾಲಿಗೆ ಬಂದಿದ್ದವು. ರಸ್ತೆ ಬದಿಗೆ ನಿಂತು ಲಾರಿ ತಡೆದು ಬ್ರೇಕ್, ದೀಪ, ಟಾಯರ್ ನೋಡುವುದು ಕೆಲಸ. ದೋಷ ಕಂಡರೆ ಡ್ರೈವರನ ಲೈಸೆನ್ಸಿನ ಮೇಲೆ ಷರಾ ಬರೆದು ಕಚೇರಿಗೆ ವರದಿ ಕಳಿಸಬೇಕು. ಷರಾ ಹೆಚ್ಚಾದರೆ ಲೈಸೆನ್ಸ್ ಅಮಾನತು. ಎಲ್ಲ ಸರಿಯಿದ್ದರೆ ಏನೂ ಬರೆಯುವಂತಿಲ್ಲ. ಲಾರಿ ಸಾಹುಕಾರನದು, ಬ್ರೇಕ್ ಸಾಹುಕಾರನದು, ಷರಾ ಮಾತ್ರ ಡ್ರೈವರನದು! ಈ ವ್ಯವಸ್ಥೆ ಮಾಡಿದ ಪುಣ್ಯಾತ್ಮ ಯಾರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಳಖೇಡದ ಸಾಬಣ್ಣ ಒಬ್ಬ ಸಾಹುಕಾರರ ಲಾರಿಯಲ್ಲಿ ಶಹಾಬಾದಿನ ಹಾಸುಗಲ್ಲು ಸಾಗಿಸುತ್ತಿದ್ದ. ನಾನು ನಿಂತಿರುವ ಸುದ್ದಿ ಸಿಕ್ಕರೆ ಉಳಿದ ಡ್ರೈವರುಗಳು ಬಂಡಿದಾರಿ ಹಿಡಿಯುತ್ತಿದ್ದರು. ಇವನೋ, ನನ್ನನ್ನು ಹುಡುಕಿಕೊಂಡು ಬಂದು, ನಾನು ಕೈ ಎತ್ತುವ ಮೊದಲೇ ಲಾರಿ ನಿಲ್ಲಿಸುತ್ತಿದ್ದ.

“ಬ್ರೇಕ್ ಹಿಡಿಯಾಕತ್ತಿಲ್ರಿ ಸಾಹೇಬ್ರ. ಸಾಹುಕಾರ್ರಿಗಿ ಹೇಳಿದ್ರ ಸಾವಕಾಶ ಹೊಡಿ ಅಂತಾರ. ನೀವು ತಡದ್ರ ಮಾತ್ರ ರಿಪೇರಿ ಮಾಡಸ್ತಾರ.”

ನಾನು ತಡೆಯುತ್ತಿದ್ದೆ. ಸಾಹುಕಾರರು ಗೊಣಗುತ್ತಲೇ ರಿಪೇರಿ ಮಾಡಿಸುತ್ತಿದ್ದರು. ಷರಾ ಸಾಬಣ್ಣನ ಲೈಸೆನ್ಸಿಗೆ ಬೀಳುತ್ತಿತ್ತು. “ನಿನ್ನ ಹೊಟ್ಟೆ ಮೇಲೆ ನೀನೇ ಹೊಡೆದುಕೊಳ್ಳುತ್ತೀಯಲ್ಲೋ” ಎಂದು ಬೈದರೂ ಕೇಳುತ್ತಿರಲಿಲ್ಲ.

ಕೊನೆಗೆ ಆಗುವುದೇ ಆಯಿತು. ಸಾಬಣ್ಣ ‘ಸದಾ ಅಜಾಗರೂಕ ಚಾಲಕ’ನೆಂದು ಲೈಸೆನ್ಸ್ ಅಮಾನತಿನ ನೋಟಿಸು ಬಂತು. ಅವನ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಲೈಸೆನ್ಸಿನಿಂದ. ಅವನನ್ನು ಕರೆದುಕೊಂಡು ಗುಲ್ಬರ್ಗಾಕ್ಕೆ ಹೋದೆ. ಇವನು ತಾನಾಗಿಯೇ ತಪಾಸಣೆಗೆ ನಿಲ್ಲುತ್ತಾನೆ ಎಂದು ಮೇಲಧಿಕಾರಿಗಳಿಗೆ ಬಿಡಿಸಿ ಹೇಳಿದೆ.

“ತಪ್ಪಿಲ್ಲದಾಂವ ತಾನಾಗಿ ಯಾಕ ನಿಲ್ತಾನ್ರಿ?” ಎಂದರು ಅವರು.

ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಲೈಸೆನ್ಸ್ ಅಮಾನತಾಗಿ ಕಚೇರಿಯಲ್ಲೇ ಉಳಿಯಿತು.

ಸಾಹುಕಾರರು ಒಂದೂ ಷರಾ ಇಲ್ಲದ ಹೊಸ ಡ್ರೈವರನನ್ನು ಇಟ್ಟುಕೊಂಡು, “ಈಗ ನಿಮ್ಮ ಕಾಟ ತಪ್ತು ನೋಡ್ರಿ” ಎಂದು ನನಗೇ ಹೇಳಿ ನಕ್ಕರು. ಸಾಬಣ್ಣ ಗಣಿಯಲ್ಲಿ ಕಲ್ಲು ಹೊರಲು ಹೋದ. ನನಗೆ ಮೈಯೆಲ್ಲ ಉರಿದುಹೋಯಿತು.

ಕೆಲವು ತಿಂಗಳ ಮೇಲೆ ಸೇಡಂ ರಸ್ತೆಯಲ್ಲಿ ಅದೇ ಲಾರಿ ಬಂತು. ಹಿಂದೆ ಮದುವೆಗೆ ಹೊರಟ ಸಾಹುಕಾರರ ಮನೆಮಂದಿ, ಹೆಂಗಸರು, ಮಕ್ಕಳು. ಸ್ಟೇರಿಂಗಿನ ಹಿಂದೆ ಸಾಬಣ್ಣ! ನನ್ನನ್ನು ಕಂಡದ್ದೇ ತಡ, ಈ ಪುಣ್ಯಾತ್ಮ ಮತ್ತೆ ತಾನಾಗಿಯೇ ಲಾರಿ ನಿಲ್ಲಿಸಿದ. ಪಕ್ಕದಲ್ಲಿದ್ದ ಸಾಹುಕಾರರು ಹಣೆ ಹಿಡಿದುಕೊಂಡರು.

“ಲೈಸೆನ್ಸ್ ಇಲ್ಲದೆ ನಡೆಸುತ್ತೀಯಾ?” ಎಂದು ಕೂಗಾಡಿದೆ.

“ತಪ್ಪಾತ್ರಿ. ಸಾಹುಕಾರ್ರು ಮನಿ ತನಕ ಬಂದು ಕರದ್ರು. ಮೊದಲ ಬ್ರೇಕ್ ಮಾಡಸ್ರಿ ಅಂದೆ, ಮಾಡಿಸ್ಯಾರ. ಸಣ್ಣ ಸಣ್ಣ ಮಕ್ಕಳು ಕುಂತಾವ, ಹ್ಯಾಂಗ ಬ್ಯಾಡ ಅನ್ಲಿರಿ?”

ಲಾರಿಯನ್ನು ಅಲ್ಲೇ ತಡೆದು, ಮಂದಿಯನ್ನು ಬಸ್ಸಿಗೆ ಹತ್ತಿಸಿದೆ. ಲೈಸೆನ್ಸ್ ಇಲ್ಲದವನಿಗೆ ಲಾರಿ ಕೊಟ್ಟದ್ದಕ್ಕೆ ಮಾಲೀಕರ ಮೇಲೂ ಪ್ರಕರಣ ಹಾಕಿದೆ. ವಿಚಾರಣೆಯ ದಿನ ಮೇಲಧಿಕಾರಿಗಳು ಸಾಹುಕಾರರನ್ನು ಕೇಳಿದರು: “ಷರಾ ಇಲ್ಲದ ಡ್ರೈವರ್ ಇದ್ದಾಗ ಇವನನ್ನ ಯಾಕ ಕರದ್ರಿ?”

ಸಾಹುಕಾರರು ಬೆವರು ಒರೆಸಿಕೊಂಡರು. “ಆ ಹೊಸ ಡ್ರೈವರ್ ಕಲ್ಲು ಸಾಗಸಾಕ ಛಲೋ ಅದಾನ್ರಿ. ಆವತ್ತ ಲಾರ್ಯಾಗ ನನ್ನ ಮೊಮ್ಮಕ್ಕಳು ಇದ್ವು.”

ಸಾಹುಕಾರರಿಗೆ ದಂಡ ಬಿತ್ತು, ಸಾಬಣ್ಣನಿಗೆ ಎಚ್ಚರಿಕೆಯ ಜೊತೆ ಲೈಸೆನ್ಸ್ ಮರಳಿ ಬಂತು. ಹಳೆಯ ಷರಾಗಳನ್ನು ಅಳಿಸಿ ಎಂದು ನಾನು ಕೇಳಿದರೆ, ಅಳಿಸುವ ನಿಯಮವಿಲ್ಲ ಎಂದರು!

ದೋಷ ಹುಡುಕುವುದು ಸುಲಭ. ಅದನ್ನು ಸರಿಪಡಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ಹೆಸರಿಗೆ ಬರೆಯಬೇಕೆಂದು ಈ ನೌಕರಿ ನನಗೆ ಕಲಿಸಿತು. ಆಮೇಲೆ ಬ್ರೇಕಿನ ಷರಾಗಳನ್ನೆಲ್ಲ ಮಾಲೀಕರ ಹೆಸರಿಗೇ ಬರೆದೆ. ಕಚೇರಿಯವರು ಪ್ರತಿಸಲ ಆಕ್ಷೇಪಿಸಿ ವಾಪಸು ಕಳಿಸಿದರು. ನಾನು ಪ್ರತಿಸಲ ಹಾಗೆಯೇ ಬರೆದು ಕಳಿಸಿದೆ.