ಮೋತಿಗೆ ಗದ್ದಲವೇ ಬೇಕಂತೆ

ತೆಂಗಳಿ ಊರನ್ನೆಲ್ಲ ಹುಡುಕಿದ ಮೇಲೆ ನಮ್ಮ ನಾಯಿ ಮೋತಿ ಸಿಕ್ಕಿದ್ದು ಹಿಟ್ಟಿನ ಗಿರಣಿಯಲ್ಲಿ. ಗಡಗಡ ಸದ್ದಿನ ಪಕ್ಕದಲ್ಲೇ ಜೋಳದ ಚೀಲಕ್ಕೆ ಒರಗಿ, ಮೈಯೆಲ್ಲ ಹಿಟ್ಟು ಮಾಡಿಕೊಂಡು, ಗಾಢ ನಿದ್ದೆಯಲ್ಲಿತ್ತು. ನನಗೆ ನಂಬಲಾಗಲಿಲ್ಲ.

ಶಹಾಬಾದಿನಲ್ಲಿ ನಮ್ಮ ಮನೆ ನೆಲಕ್ಕೆ ಹಾಸುವ ಪರಸಿ ಕಲ್ಲು ಕೊಯ್ಯುವ ಮಷಿನ್‌ಗಳ ಮಗ್ಗುಲಿಗೇ ಇದೆ. ಯಾರಾದರೂ ಬಾಗಿಲು ಬಡಿದರೆ ಮಂಚದ ಕೆಳಗೆ ಸೇರಿ ನಡುಗುವ ಮೋತಿಗೆ ಮಷಿನ್‌ಗಳ ಸದ್ದೇ ಆಗಿಬರುತ್ತಿಲ್ಲ ಎಂದುಕೊಂಡು, ಮನಸ್ಸು ಗಟ್ಟಿ ಮಾಡಿ ತೆಂಗಳಿಯ ಅಕ್ಕನ ಮನೆಗೆ ಬಿಟ್ಟುಬಂದಿದ್ದೆವು. ವಾರದೊಳಗೇ ಅಕ್ಕನ ಫೋನ್ ಬಂತು: ಮೋತಿ ಸರಿಯಾಗಿ ಉಣ್ಣುತ್ತಿಲ್ಲ, ಈಗ ಕಾಣುತ್ತಲೂ ಇಲ್ಲ.

ಗಿರಣಿಯವ ನನ್ನನ್ನು ನೋಡಿ ಮಷಿನ್ ನಿಲ್ಲಿಸಿದ. ಸದ್ದು ನಿಂತದ್ದೇ ತಡ, ಮೋತಿ ಎದ್ದು ಗಡಗಡ ನಡುಗತೊಡಗಿತು.

“ನೋಡ್ರಿ ಅಕ್ಕೋರೆ, ಬಂದ್ ಮಾಡಿದ್ರ ಅಂಜ್ತದ, ಚಾಲೂ ಮಾಡಿದ್ರ ಮಕ್ಕೊಂತದ. ನಿಮ್ಮ ನಾಯಿಗಿ ಗದ್ಲನೇ ಬೇಕ್ರಿ” ಎಂದು ನಕ್ಕ.

ಅಂದೇ ಟಂಟಂ ಆಟೋ ಹತ್ತಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಶಹಾಬಾದಿಗೆ ಬಂದೆ. ಮೋತಿ ಈಗಲೂ ಅಂಜುಬುರುಕನೇ. ರಜೆಯ ದಿನ ಪಕ್ಕದ ಮಷಿನ್‌ಗಳು ನಿಂತರೆ ಓಡಿಬಂದು ನನ್ನ ಸೀರೆಯಲ್ಲಿ ಮುಖ ಮುಚ್ಚಿಕೊಳ್ಳುತ್ತದೆ. ಮನೆಯವರಿಗೆ ಹಸಿವಿರಲಿ ಬಿಡಲಿ, ನಾನು ಟಪಟಪ ರೊಟ್ಟಿ ಬಡಿಯಲು ಕೂರುತ್ತೇನೆ.