ಐದನೇ ದಿಕ್ಕು ಬರೆದ ಹಯಾತ್ ಸಾಬ್

ದಲ್ಲಾಳಿಗಳನ್ನು ಕಂಡರೆ ನಮ್ಮಂಥವರಿಗೆ ಆಗಿಬರುವುದಿಲ್ಲ. ನೆಲಕ್ಕಾಗಿ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂತು ಅಂಡು ಸವೆಸಿಕೊಂಡವರು ನಾವು. ಅದೇ ನೆಲಕ್ಕೆ ಬಿಳಿ ಕಲ್ಲು ನೆಟ್ಟು, ಕಮಾನು ಕಟ್ಟಿ, ಯಾವುದೋ ದೇವರ ಹೆಸರಿಟ್ಟು ಮಾರುವವರು ಅವರು. ಆದ್ದರಿಂದ ಹಯಾತ್ ಸಾಬ್ ಎಂಬ ಸೈಟು ದಲ್ಲಾಳಿಯನ್ನು ಹೊಗಳುವ ಆಸೆ ನನಗಿಲ್ಲ. ಅವರು ಮಾಡಿದ ತಪ್ಪಿನಿಂದಲೇ ಶುರು ಮಾಡಬಹುದು. ಆದರೆ ತಪ್ಪು ತಿಳಿಯಬೇಕಾದರೆ ಸಮುದ್ರ ತಿಳಿಯಬೇಕು.

ಸಾಬ್ರು ಹುಟ್ಟಿದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ. ಅಪ್ಪ ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದರು. ಹತ್ತೊಂಬತ್ತನೇ ವಯಸ್ಸಿಗೆ ನೌಕಾಪಡೆ ಸೇರುವ ತನಕ ಹುಡುಗ ಕಂಡ ದೊಡ್ಡ ನೀರೆಂದರೆ ಹರಿಹರದ ಸೇತುವೆ ಮೇಲಿಂದ ಕಾಣುವ ತುಂಗಭದ್ರೆ. ಅವರನ್ನು ಹಾಕಿದ್ದು ಯುದ್ಧದ ಹಡಗಿಗಲ್ಲ, ಸಮುದ್ರದ ತಳ ಅಳೆಯುವ ಹಡಗಿಗೆ. ದಡದ ಹತ್ತಿರ ಸಣ್ಣ ದೋಣಿಯಲ್ಲಿ ಹೋಗಿ ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನು ನೀರಿಗೆ ಬಿಡಬೇಕು. ಎಷ್ಟು ಮಾರು ಆಳ ಎಂದು ಕೂಗಬೇಕು. ಗುಂಡಿನ ತಳದಲ್ಲೊಂದು ಗುಳಿ. ಅದಕ್ಕೆ ಕೊಬ್ಬು ಮೆತ್ತಿ ಬಿಟ್ಟರೆ ತಳದ ಮಣ್ಣು ಅಂಟಿಕೊಂಡು ಬರುತ್ತದೆ. ಕೆಸರೋ, ಮರಳೋ, ಚಿಪ್ಪೋ ಮೇಲಿಂದಲೇ ಗೊತ್ತಾಗುತ್ತದೆ. ಹದಿನೈದು ವರ್ಷ ಅವರು ಕಾಣದ ನೆಲವನ್ನು ಹೀಗೆ ಮುಟ್ಟಿ ಮುಟ್ಟಿ ನೋಡಿದರು.

ಊರಿಗೆ ಬಂದ ಮೇಲೆ ನೆಲ ತೊಟ್ಟಿಲಿನ ಹಾಗೆ ತೂಗಲು ಶುರುವಾಯಿತು. ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರೆ ಸಾಕು, ಮನೆ, ಓಣಿ, ಮಸೀದಿಯ ಮಿನಾರು ಎಲ್ಲವೂ ಮೆಲ್ಲಗೆ ಎದ್ದು, ಮೆಲ್ಲಗೆ ಕೂರುತ್ತಿದ್ದವು. ಸ್ಕೂಟರಿನಲ್ಲಿ ಹರಿಹರಕ್ಕೆ ಹೋಗುವಾಗ ಬಿಸಿಲ ಝಳದಲ್ಲಿ ಬಾತಿ ಗುಡ್ಡ ದ್ವೀಪದ ಹಾಗೆ ತೇಲುತ್ತಿತ್ತು. ಸುತ್ತ ಭತ್ತದ ಗದ್ದೆಗಳು ಹಸಿರು ಅಲೆ ಎಬ್ಬಿಸಿಕೊಂಡು ಬಂದು ಡಾಂಬರು ರಸ್ತೆಗೆ ತಾಗುತ್ತಿದ್ದವು.

“ನಿಮ್ಮನ್ನ ಹಡಗಿನಿಂದ ಇಳಿಸಿ ಕಳಿಸಿದ್ರು, ತಲೀನ ಅಲ್ಲೇ ಇಟ್ಕೊಂಡ್ರು” ಎಂದು ಹೆಂಡತಿ ಮೆಹರ್ ಬಾನು ಹಂಗಿಸುತ್ತಿದ್ದರು. ಅಳೆಯುವುದೊಂದು ಬಿಟ್ಟರೆ ಬೇರೆ ಕಸುಬು ಬಾರದ್ದರಿಂದ ಕೆ.ಬಿ. ಬಡಾವಣೆಯಲ್ಲಿ ಒಂದು ಜೆರಾಕ್ಸ್ ಅಂಗಡಿಯ ಪಕ್ಕ ಎರಡು ಕುರ್ಚಿ ಹಾಕಿಕೊಂಡು ಸಾಬ್ರು ಸೈಟು ವ್ಯಾಪಾರಕ್ಕೆ ಕೂತರು.

ಇನ್ನು ತಪ್ಪು. ಹರಿಹರದ ಹೊಳೆದಂಡೆಯ ಒಂದು ಪಟ್ಟಿಯಲ್ಲಿ ಹತ್ತು ಸೈಟು ಮಾರಾಟಕ್ಕಿದ್ದವು. ಸಾಬ್ರು ದಡದ ಬಂಡೆ ನೋಡಿದರು. ಅದರ ಮೇಲೆ ನೀರು ನಿಂತು ಇಳಿದ ಬಿಳಿ ಗೆರೆ ಇತ್ತು. ಸಮುದ್ರದ ಬಂಡೆಯ ಮೇಲೆ ಅಂಥ ಗೆರೆ ಇದ್ದರೆ ನೀರು ಅದನ್ನು ದಾಟುವುದಿಲ್ಲ. ಆರು ತಾಸು ಏರುತ್ತದೆ, ಗೆರೆ ಮುಟ್ಟುತ್ತದೆ, ಇಳಿಯುತ್ತದೆ. ಸೈಟುಗಳು ಗೆರೆಗಿಂತ ಎರಡು ಮಾರು ಮೇಲಿದ್ದವು. ಅಲ್ಲೇ ದಂಡೆಯಲ್ಲಿ ಸೌತೆ ಬಳ್ಳಿ ಹಾಕಿದ್ದ ಅಂಜಿನವ್ವ ಎಂಬ ಮುದುಕಿ ಸುಮ್ಮನಿರಲಿಲ್ಲ.

“ಸಾಬಣ್ಣ, ಅಲ್ಲಿ ಮನಿ ಕಟ್ಟಿಸಬ್ಯಾಡ. ನಮ್ಮವ್ವನ ಕಾಲ್ದಾಗ ಹೊಳಿ ಬಂದು ಆ ಹುಣಸೆಮರದ ಬುಡ ನೆಕ್ಕಿತ್ತು.”

“ಅಜ್ಜಿ, ನಾನು ಹದಿನೈದು ವರ್ಷ ನೀರಿನ ಮೇಲೆ ಮಲಗಿದವನು.”

“ನೀನು ಮೇಲೆ ಮಲಗಿದ್ದಿ. ನಾವು ಪಕ್ಕದಾಗ ಮಲಗೀವಿ.”

ಸಾಬ್ರು ನಕ್ಕರು. ಸೈಟುಗಳನ್ನು ಮಾರಿದರು. ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದಾಗ ಕೈಗೆ ಬಂದ ಗಂಟಿನಲ್ಲಿ ಒಂದನ್ನು ಹನುಮಂತಪ್ಪ ಎಂಬ ಕಾರ್ಮಿಕ ಕೊಂಡು ಮನೆ ಕಟ್ಟಿದ. ಆರನೇ ಮಳೆಗಾಲದಲ್ಲಿ ಮೇಲಿನ ಡ್ಯಾಮಿನ ಗೇಟು ತೆಗೆದರು. ಬೆಳಿಗ್ಗೆ ನೀರು ಗೆರೆ ಮುಟ್ಟಿತು ಎಂದು ಹನುಮಂತಪ್ಪ ಫೋನು ಮಾಡಿದಾಗ ಸಾಬ್ರ ಬಾಯಿಂದ ಹದಿನೈದು ವರ್ಷದ ರೂಢಿಯ ಮಾತು ಬಂತು: “ಮುಟ್ಟಿದ ಮೇಲೆ ಇಳಿಯೋದೇ. ಸಾಮಾನು ಎತ್ತಬ್ಯಾಡ್ರಿ.” ಹೊಳೆಗೆ ಸಮುದ್ರದ ಲೆಕ್ಕ ಗೊತ್ತಿರಲಿಲ್ಲ. ಸಂಜೆಗೆ ಅದು ಹುಣಸೆಮರದ ಬುಡದಲ್ಲಿತ್ತು. ಜೀವ ಹೋಗಲಿಲ್ಲ, ಅಷ್ಟೇ. ಮನೆಗಳು ಹೋದವು. ಹನುಮಂತಪ್ಪನ ಕಣ್ಣೆದುರಿಗೆ ಅವನ ಚಪ್ಪಲಿಗಳು ಬಾಗಿಲು ದಾಟಿ, ಒಂದರ ಹಿಂದೆ ಒಂದು, ಇಬ್ಬರು ನೆಂಟರು ಹೇಳದೆ ಹೊರಟ ಹಾಗೆ ತೇಲಿ ಹೋದವು.

ಬೇರೆ ದಲ್ಲಾಳಿಯಾಗಿದ್ದರೆ ಮೊಬೈಲ್ ಆಫ್ ಮಾಡುತ್ತಿದ್ದ. ಸಾಬ್ರು ಹನ್ನೊಂದು ದಿನ ಶಾಲೆಯ ವರಾಂಡದಲ್ಲಿ ಆ ಹತ್ತು ಮನೆಯವರಿಗೆ ಅನ್ನ ಬೇಯಿಸಿ ಬಡಿಸಿದರು. ಬಡಿಸಿದ್ದಕ್ಕಿಂತ ಹೆಚ್ಚು ಬೈಸಿಕೊಂಡರು. ಬದಲಿ ಜಾಗ ಕೊಡಿ ಎಂದು ನಾವು ಧರಣಿ ಕೂತಾಗ ಬಂದು ಹಿಂದಿನ ಸಾಲಿನಲ್ಲಿ ಕೂತರು. ಎದ್ದು ಹೋಗು ಎಂದವರಲ್ಲಿ ನಾನೂ ಒಬ್ಬ. ಎದ್ದು ಹೋಗಲಿಲ್ಲ. ನೀರು ಇಳಿದ ಮೇಲೆ ಕೆಂಪು ಬಣ್ಣದ ಡಬ್ಬಿ ಹಿಡಿದು, ತಗ್ಗಿನ ಓಣಿಗಳ ಒಂದೊಂದು ಲೈಟುಕಂಬಕ್ಕೂ ನೀರು ಬಂದ ಮಟ್ಟದಲ್ಲಿ ಗೆರೆ ಎಳೆದರು. ಉಳಿದ ದಲ್ಲಾಳಿಗಳು ಕೆರೆದು ತೆಗೆದರು. ಇವರು ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹೋಗಿ ಮತ್ತೆ ಎಳೆಯುತ್ತಾರೆ. ಈಗಲೂ.

ಇನ್ನೊಂದು ಪದ್ಧತಿಯನ್ನೂ ಹಿಡಿದರು. ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆಯುತ್ತಾರಲ್ಲ, ಪೂರ್ವಕ್ಕೆ ಇಂಥವರ ಸೈಟು, ಪಶ್ಚಿಮಕ್ಕೆ ರಸ್ತೆ ಎಂದು? ನಾಲ್ಕು ದಿಕ್ಕು ಬರೆದರೆ ನೆಲ ಮುಗಿಯಿತು. ಸಾಬ್ರು ತಮ್ಮದೇ ಒಂದು ಹಾಳೆಯಲ್ಲಿ ಐದನೆಯದನ್ನು ಬರೆಯತೊಡಗಿದರು. ‘ಕೆಳಕ್ಕೆ:’ ಎಂದು ಹಾಕಿ, ಅಡಿಯಲ್ಲಿ ಏನಿದೆ ಎಂದು ಬರೆದು, ಸಹಿ ಮಾಡಿ, ತಮ್ಮ ನೌಕಾಪಡೆ ನಂಬರು ಹಾಕುವುದು. ನೋಂದಣಿ ಕಚೇರಿಯಲ್ಲಿ ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಜನರಲ್ಲಿ ನಿಧಾನಕ್ಕೆ ಬಂತು. ಬರೆಯುವ ಮುಂಚೆ ಅವರು ಆ ಸೈಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಕೊಡೆ ಬಿಚ್ಚಿ ಅರ್ಧ ತಾಸು ತೂಕಡಿಸುತ್ತಾರೆ. ತೂಗಿದರೆ ಅಡಿಯಲ್ಲಿ ನೀರಿನ ಜಾಗ. ತೂಗದಿದ್ದರೆ ಗಟ್ಟಿ. ಆಮೇಲೆ ಗೇಣುದ್ದದ ಗುಂಡಿ ತೋಡಿ, ಹಳೆಯ ಸೀಸದ ಗುಂಡನ್ನು ಅದಕ್ಕೆ ಬಿಟ್ಟು ಮಣ್ಣೆತ್ತಿ ನೋಡುತ್ತಾರೆ. ಹಡಗಿನ ಕೊಬ್ಬು ಇಲ್ಲೆಲ್ಲಿ ಸಿಗಬೇಕು? ದಾವಣಗೆರೆಯಲ್ಲವೇ, ಬೆಣ್ಣೆ ಮೆತ್ತುತ್ತಾರೆ.

ಹೋದ ವರ್ಷ ಬೇಸಿಗೆಯಲ್ಲಿ ಒಬ್ಬಳು ಹೆಣ್ಣುಮಗಳು ಬಂದು ಅವರೆದುರಿನ ಕುರ್ಚಿಯಲ್ಲಿ ಕೂತಳು.

“ಗುರುತು ಸಿಗಲಿಲ್ಲೇನ್ರಿ ಸಾಬ್ರೆ? ನಾನು ಹನುಮಂತಪ್ಪನ ಮಗಳು ರೇಖಾ. ನಮ್ಮಪ್ಪಗೆ ಹೊಳೆ ಮಾರಿದ್ರಿ. ನನಗೆ ನೆಲ ಕೊಡಸ್ರಿ.”

ಸಾಬ್ರಿಗೆ ಕುರ್ಚಿ ತೂಗಿತು. ರೇಖಾ ದಾವಣಗೆರೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅಪ್ಪನೊಂದಿಗೆ ಬಾಡಿಗೆ ಮನೆ, ಅದೂ ಮೊದಲ ಮಹಡಿ. ಆದರೂ ಹನುಮಂತಪ್ಪ ಮಲಗುವ ಮುಂಚೆ ಚಪ್ಪಲಿ ಎರಡನ್ನೂ ಹಗ್ಗದಿಂದ ಮಂಚದ ಕಾಲಿಗೆ ಕಟ್ಟುತ್ತಾನಂತೆ.

“ಮಹಡಿ ಮೇಲೆ ಯಾವ ಹೊಳಿ ಬರ್ತದಪ್ಪ ಅಂತೀನಿ. ಆವತ್ತು ಸಾಬೂ ಹಿಂಗ ಅಂದಿದ್ದ ಅಂತಾನೆ. ಅವನು ಚಪ್ಪಲಿ ಬಿಚ್ಚಿಟ್ಟು ನಿದ್ದಿ ಮಾಡೋ ಮನಿ ಬೇಕು ನನಗೆ. ಆವರಗೆರೆ ಕಡೆ ಒಂದು ನೋಡೀನಿ. ಮೂಲೆ ಸೈಟು, ಪೂರ್ವಕ್ಕೆ ಬಾಗ್ಲು. ನೀವು ಗಟ್ಟಿ ಅಂದ್ರೆ ತಗಂತೀನಿ. ನಿಮ್ಮ ಬಾಯಿಂದನೇ ಬರಬೇಕು.”

ಆ ಬಡಾವಣೆ ಅಂಜನಕುಮಾರ ಎಂಬವನದು. ಆವರಗೆರೆ ಇನ್ನೂ ಹಳ್ಳಿ, ಪೂರ್ತಿ ಪೇಟೆಯಾಗಿಲ್ಲ ಎಂಬಲ್ಲಿ ಹೊಲಕ್ಕೆ ಕಲ್ಲು ನೆಟ್ಟಿದ್ದ. ಮರುದಿನ ಮಧ್ಯಾಹ್ನ ಸಾಬ್ರು ರೇಖಾಳನ್ನು ಕರೆದುಕೊಂಡು ಹೋಗಿ ಮೂಲೆ ಸೈಟಿನಲ್ಲಿ ಕುರ್ಚಿ ಹಾಕಿದರು.

“ಮಲಗಿ ವ್ಯಾಪಾರ ಮಾಡೋರು ಇಡೀ ಜಿಲ್ಲೆಗೆ ನೀವೊಬ್ರೇ ನೋಡ್ರಿ ಸಾಬ್ರೆ” ಎಂದ ಅಂಜನಕುಮಾರ. “ದಿಂಬು ತರಿಸ್ಲ್ಯಾ?”

ಸಾಬ್ರ ಕಣ್ಣು ಮುಚ್ಚಿತು. ಬಿಳಿ ಕಲ್ಲುಗಳು ಬಂದರಿನ ತೇಲುಗುಂಡುಗಳಾದವು. ಕಾಗೆಯ ಕೂಗು ಕಡಲ ಹಕ್ಕಿಯ ಕೂಗಾಗಿ ದೂರ ಹೋಯಿತು. ದೋಣಿ ನಿಂತಲ್ಲೇ ನಿಂತಿತು. ಅಲೆಯಿಲ್ಲ. ಯಾರೋ ಎಲ್ಲಿಂದಲೋ ಆಳ ಕೂಗುತ್ತಿದ್ದರು, ಕೂಗು ತಲುಪುತ್ತಿರಲಿಲ್ಲ. ಎಚ್ಚರವಾದಾಗ ಮೈಯೆಲ್ಲ ಹಗುರ. ಗೇಣುದ್ದದ ಗುಂಡಿಗೆ ಗುಂಡು ಬಿಟ್ಟರೆ ಬೆಣ್ಣೆಗೆ ಅಂಟಿ ಬಂದದ್ದು ಕೆಂಪು ಗೊರಜು, ಗಟ್ಟಿ ನೆಲದ ಮಣ್ಣು. ಬಡಾವಣೆಯ ನಡುವಿನ ಇನ್ನೊಂದು ಸೈಟಿನಲ್ಲಿ ಬಿಟ್ಟಾಗ ಕಪ್ಪು ಜೇಡಿ ಬಂತು, ಅದರಲ್ಲಿ ಬಿಳಿ ಬಸವನಹುಳುವಿನ ಚಿಪ್ಪು. ಕೆರೆಯ ಮಣ್ಣು.

“ಮೂಲೇದೇ ಗಟ್ಟಿ ಅಂದಂಗಾಯ್ತು” ಎಂದ ಅಂಜನಕುಮಾರ. “ಬರ್ರಿ, ಟೋಕನ್ ಮುಗಿಸೋಣ.”

ರೇಖಾ ಸಾಬ್ರ ಮುಖವನ್ನೇ ನೋಡುತ್ತಿದ್ದಳು. ಹೂಂ ಎನ್ನುವುದೊಂದೇ ಬಾಕಿ. ಸಾಬ್ರು ಹಾಳೆ ತೆಗೆದು ‘ಕೆಳಕ್ಕೆ: ಗೊರ’ ಎಂದು ಬರೆದವರು ಅಲ್ಲಿಗೇ ನಿಲ್ಲಿಸಿದರು. ಹರಿಹರದ ಬಂಡೆಯ ಮೇಲಿನ ಬಿಳಿ ಗೆರೆ ನೋಡಿದಾಗಲೂ ಮೈ ಹೀಗೇ ಹಗುರವಾಗಿತ್ತು. ಪೆನ್ನು ಜೇಬಿಗಿಟ್ಟು, ಆಚೆ ಬೇವಿನ ನೆರಳಲ್ಲಿ ಆಡು ಮೇಯಿಸುತ್ತಿದ್ದ ಒಬ್ಬ ಮುದುಕಿಯ ಹತ್ತಿರ ನಡೆದರು. ಹೆಸರು ಚೌಡವ್ವ. ಈ ಹೊಲದಲ್ಲೇ ಕೂಲಿ ಮಾಡಿ ಹಣ್ಣಾದವಳು.

“ಯವ್ವಾ, ಆ ಮೂಲಿ ಹೆಂಗೈತೆ?”

“ಯಾವುದು, ಹಳ್ಳದ್ದಾ?”

“ಹಳ್ಳ ಎಲ್ಲೈತೆ? ಗೊರಜು ಬಂತಲ್ಲ.”

“ಬರ್ದೆ ಏನು? ಹಳ್ಳ ಮುಚ್ಚಾಕ ಎರಡು ತಿಂಗಳು ಲಾರೀಲಿ ತಂದು ಸುರುವಿದ್ರು. ನನ್ನ ಆಡಿಗೂ ಗೊತ್ತು, ಅಲ್ಲಿ ಹುಲ್ಲು ತಿನ್ನಾಕ ಹೋಗಂಗಿಲ್ಲ.”

“ಮತ್ತೆ ನಡುವಿಂದು? ಅಲ್ಲಿ ಕೆರಿ ಚಿಪ್ಪು ಸಿಕ್ಕಾವು.”

ಚೌಡವ್ವ ಬೊಚ್ಚುಬಾಯಿ ತೆರೆದು ನಕ್ಕಳು. “ಅದು ಗೋಡು ಕಣೋ ಸಾಬಣ್ಣ! ಕೆರಿ ಬತ್ತಿದಾಗ ಹೊಲಕ್ಕ ಹೊಡೀತಾರಲ್ಲ, ಆ ಮಣ್ಣು. ನನ್ನ ಗಂಡನೇ ಗಾಡಿ ಹೂಡಿ ಹೊಡ್ದಿದ್ದು. ಒಂದು ಮೊಳ ಅಗದು ನೋಡು, ಕಲ್ಲಿನಂಥ ನೆಲ. ಹಾರಿ ಹಾಕಿ ಅವನ ಬೆನ್ನು ಮುರುದಿತ್ತು.”

ಸಾಬ್ರೇ ಹಾರೆ ಹಿಡಿದು ಅಗೆದರು. ಅರವತ್ತೆಂಟು ವಯಸ್ಸು, ಉಸಿರು ಕಟ್ಟಿತು. ಒಂದು ಮೊಳಕ್ಕೆ ಕರಿಮಣ್ಣು ಮುಗಿದು ಹಾರೆ ಠಣ್ಣೆಂದಿತು. ಮೂಲೆಯಲ್ಲಿ ಎದೆಯುದ್ದ ಅಗೆದಾಗ ಗೊರಜು ಮುಗಿದು ಹಳ್ಳದ ಒದ್ದೆ ಮರಳು, ಅದರೊಳಗೊಂದು ಏಡಿಯ ಕೊಂಡಿ. ಅವರ ತೂಕಡಿಕೆ ಸುಳ್ಳಾಗಿತ್ತು, ಬೆಣ್ಣೆಯೂ ಸುಳ್ಳು ಹೇಳಿತ್ತು. ಲಾರಿ ಮಣ್ಣಿನ ಮೇಲೆ ಅರ್ಧ ತಾಸು ಸುಖವಾಗಿ ನಿದ್ದೆ ಹೊಡೆದಿದ್ದರು.

“ಲ್ಯಾಬಿನಾಗೂ ಹಿಂಗೇ” ಎಂದಳು ರೇಖಾ. ದನಿಯಲ್ಲಿ ಸಿಟ್ಟಿರಲಿಲ್ಲ. “ಸ್ಯಾಂಪಲ್ ತಪ್ಪು ಜಾಗದಾಗ ತಗಂಡ್ರೆ ಮಷೀನು ಏನು ಮಾಡ್ತದೆ? ನೀವು ಆ ಅಜ್ಜೀನ ಕೇಳದಿದ್ರೆ ಏನಾಗ್ತಿತ್ತು ಸಾಬ್ರೆ?”

“ನಿಮ್ಮಪ್ಪಗೆ ಇನ್ನೊಂದು ಹಗ್ಗ ಬೇಕಾಗ್ತಿತ್ತು, ಬೇಟಿ.”

ಅಂಜನಕುಮಾರ ಕುದಿದುಹೋದ. “ಆಡು ಕಾಯೋಳ ಮಾತು ಕೇಳಿ ನನ್ನ ಬಡಾವಣೆ ಮುಳುಗಿಸ್ತೀರೇನ್ರಿ?” ಎಂದ. “ನೀನೇ ಮುಳುಗೋ ಕಡೆ ಕಲ್ಲು ನೆಟ್ಟೀಯಲ್ಲೋ ಮಾರಾಯ” ಎಂದರು ಸಾಬ್ರು. ಮೂಲೆಯ ಸಾಲಿನ ಆರು ಸೈಟಿನ ಕಲ್ಲಿಗೂ ಕೆಂಪು ಬಣ್ಣ ಬಳಿದು ಬಂದರು. ಆ ಬಡಾವಣೆಯ ದಲ್ಲಾಳಿಕೆ ಅವತ್ತಿಗೆ ತಪ್ಪಿತು. ಬೇರೆ ಬಡಾವಣೆಯವರೂ ಕರೆಯುವುದು ಕಡಿಮೆ ಮಾಡಿದರು. “ಬಣ್ಣದ ಡಬ್ಬೀಗಾದ್ರೂ ಪೆನ್ಷನ್ ಸಾಲ್ತದಾ ಕೇಳ್ರಿ” ಎಂದರಂತೆ ಮೆಹರ್ ಬಾನು.

ರೇಖಾ ನಡುವಿನ ಸೈಟು ಕೊಂಡಳು. ಮೂಲೆಯಲ್ಲ, ಪೂರ್ವದ ಬಾಗಿಲೂ ಅಲ್ಲ. ಸಾಬ್ರ ಹಾಳೆಯಲ್ಲಿ ಹೀಗಿತ್ತು: ‘ಕೆಳಕ್ಕೆ: ಒಂದು ಮೊಳ ಕೆರೆ ಗೋಡು, ಚೌಡವ್ವನ ಗಂಡ ಹೊಡೆದದ್ದು. ಅದರ ಕೆಳಗೆ ಕಲ್ಲು.’ ನೌಕಾಪಡೆ ನಂಬರಿನ ಪಕ್ಕದಲ್ಲಿ ಚೌಡವ್ವನ ಹೆಬ್ಬೆಟ್ಟು. ನಾಲ್ಕು ದಶಕ ನಾವು ಬರೆದ ಮನವಿಪತ್ರಗಳಲ್ಲಿ ಇಷ್ಟು ನೆಟ್ಟಗಿನ ಒಂದು ಸಾಲಿಲ್ಲ.

ಈ ಮುಂಗಾರಿಗೆ ಎರಡು ಕೋಣೆಯ ಮನೆ ಎದ್ದಿದೆ. ಮೊನ್ನೆ ನಾಲ್ಕು ದಿನ ಬಿಡದೆ ಹೊಡೆದ ಮಳೆ ನಿಂತ ಮಧ್ಯಾಹ್ನ ಸಾಬ್ರೊಂದಿಗೆ ನಾನೂ ಹೋಗಿದ್ದೆ. ಮೂಲೆಯಲ್ಲಿ ಹಳ್ಳ ತನ್ನ ಜಾಗಕ್ಕೆ ವಾಪಸ್ಸು ಬಂದಿತ್ತು. ಕೆಂಪು ಕಲ್ಲುಗಳ ತಲೆಯಷ್ಟೇ ಕಾಣುತ್ತಿತ್ತು, ಸುತ್ತ ಕಪ್ಪೆಗಳ ವಟವಟ. ನೀರಿನ ಮೇಲೆ ಮೋಡ ಸಾಗುತ್ತಿತ್ತೋ, ನೆಲವೇ ಸಾಗುತ್ತಿತ್ತೋ ಹೇಳುವುದು ಕಷ್ಟ. ನನಗೇ ಒಂದು ಗಳಿಗೆ ತೂಗಿದ ಹಾಗಾಯಿತು. ರೇಖಾಳ ಅಂಗಳದಲ್ಲಿ ಹಿಮ್ಮಡಿ ಮುಚ್ಚುವಷ್ಟು ಕೆಸರು, ಅಷ್ಟೇ.

ಒಳಗೆ ಹನುಮಂತಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಸಾಬ್ರು ಅವನ ಮುಖ ನೋಡಲಿಲ್ಲ, ಬಗ್ಗಿ ಮಂಚದ ಕೆಳಗೆ ನೋಡಿದರು. ಒಂದು ಚಪ್ಪಲಿ ಬಾಗಿಲ ಹತ್ತಿರ ಬೋರಲು ಬಿದ್ದಿತ್ತು. ಇನ್ನೊಂದು ಹಗ್ಗದಲ್ಲಿ ಮಂಚದ ಕಾಲಿಗೆ ಕಟ್ಟಿಕೊಂಡೇ ಇತ್ತು.

“ಅರ್ಧ ನಂಬ್ಯಾನೆ” ಎಂದಳು ರೇಖಾ, ಪಿಸುದನಿಯಲ್ಲಿ.

“ಸಾಕು ಬೇಟಿ. ನನ್ನನ್ನ ನಾನೂ ಅಷ್ಟೇ ನಂಬೋದು” ಎಂದು ಸಾಬ್ರು ಬಾಗಿಲ ಹತ್ತಿರದ ಚಪ್ಪಲಿಯನ್ನು ಸರಿಯಾಗಿ ಮಗುಚಿಟ್ಟು ಹೊರಗೆ ಬಂದರು.